ಸರದಿಯ ರಾಜೀನಾಮೆ

ಬಾಟಲಿ ಕಾರ್ಖಾನೆಯ ತಪಾಸಣೆ ಮೇಜಿನ ಹೆಂಗಸರೆಲ್ಲ ಅವಳನ್ನು ಲಾಯರಮ್ಮ ಎನ್ನುತ್ತಿದ್ದರು. ಅವಳೇನೂ ಕಾನೂನು ಓದಿದವಳಲ್ಲ. ನೋಟಿಸನ್ನು ಕೊನೆಯ ಸಾಲಿನವರೆಗೂ ಓದುವ ತಾಳ್ಮೆ ಅವಳೊಬ್ಬಳಿಗಿತ್ತು, ಅಷ್ಟೆ. ಹಾಗಾಗಿ ಪಿಂಚಣಿ ಯೋಜನೆ ಮುಚ್ಚುತ್ತದೆಂದು ಸುದ್ದಿ ಬಂದ ದಿನ ಎಲ್ಲರೂ ಕೈಯಲ್ಲಿದ್ದ ಬಾಟಲಿ ಕೆಳಗಿಟ್ಟು ಅವಳ ಮುಖ ನೋಡಿದರು.

“ಇನ್ಮುಂದಿನ ವರ್ಷಗಳಿಗೆ ಸಿಗಲ್ಲ. ಆದ್ರೆ ಇಲ್ಲೀವರೆಗೆ ದುಡಿದಿದ್ದಕ್ಕೆ ಕೂಡಿರೋದು ನಮ್ದೇ. ಅದರ ಕೂದಲೂ ಕೊಂಕಲ್ಲ,” ಎಂದಳು. ಹೆಂಗಸರು ನಿಟ್ಟುಸಿರು ಬಿಟ್ಟು ಮತ್ತೆ ಬಾಟಲಿಗಳನ್ನು ದೀಪಕ್ಕೆ ಹಿಡಿದು ಬಿರುಕು ಹುಡುಕತೊಡಗಿದರು.

ವಾರ ಕಳೆದು ಸೇವಾವಧಿಯ ಪಟ್ಟಿ ಬಂತು. ಮೂವತ್ತು ವರ್ಷ ದುಡಿದ ಲಾಯರಮ್ಮನ ಎದುರು ಹದಿನೈದು ಎಂದಿತ್ತು. ಹಳಬರೆಲ್ಲರದ್ದೂ ಅದೇ ಗತಿ. ಕಾರಣ ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಹದಿನಾರು ವರ್ಷದ ಹಿಂದೆ ಒಂದು ಕುಲುಮೆಯನ್ನು ವರ್ಷದ ಮಟ್ಟಿಗೆ ಆರಿಸಿದಾಗ, ನೂರ ಇಪ್ಪತ್ತು ಹೆಂಗಸರಲ್ಲಿ ಮೂವತ್ತು ಜನರನ್ನು ಮನೆಗೆ ಕಳಿಸುತ್ತೇವೆ ಎಂದಿತ್ತು ಕಂಪನಿ. ಹತ್ತು ಜನರ ಹುಲ್ಲುಕಡ್ಡಿ ಒಬ್ಬರ ತಲೆಹೊರೆ ಎಂದು ಉಪಾಯ ಹೇಳಿದವಳು ಲಾಯರಮ್ಮನೇ: ಮೂವತ್ತು ಜನರಂತೆ ಎಲ್ಲರೂ ಸರದಿಯ ಮೇಲೆ ಮೂರು ಮೂರು ತಿಂಗಳು ಮನೆಯಲ್ಲಿರೋಣ, ಯಾರ ಕೆಲಸವೂ ಹೋಗುವುದು ಬೇಡ. ಕಂಪನಿ ನಗುತ್ತಲೇ ಒಪ್ಪಿತು. ಅದು ಕೇಳಿದ್ದು ಒಂದು ಸಣ್ಣ ಕಾಗದ ಮಾತ್ರ. ಹೋಗುವಾಗ ರಾಜೀನಾಮೆ, ಬರುವಾಗ ಹೊಸ ಅರ್ಜಿ. ಅಕ್ಷರ ದುಂಡಗಿದೆಯೆಂದು ಅಷ್ಟೂ ರಾಜೀನಾಮೆ ಬರೆದುಕೊಟ್ಟವಳೂ ಅವಳೇ. ಒಳ್ಳೆಯತನಕ್ಕೆ ಕಣ್ಣು ಸ್ವಲ್ಪ ಮಂದ.

ಒಬ್ಬಳು ಮಾತ್ರ ಒಪ್ಪಿರಲಿಲ್ಲ. ಅಂದಿನಿಂದ ಅವಳಿಗೆ ಬಿಗಿಮುಷ್ಟಿ ಎಂಬ ಹೆಸರು ಅಂಟಿತು. ಅವಳ ಪಾಲಿನ ಮೂರು ತಿಂಗಳನ್ನೂ ಲಾಯರಮ್ಮನೇ ಮನೆಯಲ್ಲಿ ಕಳೆದು, ಅಡಿಗೆಮನೆಯಲ್ಲಿ ನಿಂತು ಶಪಿಸಿದ್ದಳು. ಈಗ ಪಟ್ಟಿಯಲ್ಲಿ ಪೂರ್ತಿ ಮೂವತ್ತೊಂದು ವರ್ಷ ಉಳಿದದ್ದು ಬಿಗಿಮುಷ್ಟಿಯೊಬ್ಬಳಿಗೇ.

ಪಿಂಚಣಿ ಅಧಿಕಾರಿ ಒಂದು ದಾರಿ ತೋರಿಸಿದ. “ಒತ್ತಾಯದಿಂದ ಬರೆಸಿಕೊಂಡ ರಾಜೀನಾಮೆ ಅಂತ ಸಾಬೀತಾದ್ರೆ ಹಳೇ ಸೇವೆ ಸೇರಿಸಬಹುದು. ಆದ್ರೆ ಇದರಿಂದ ಲಾಭ ಇಲ್ಲದವರು ಯಾರಾದ್ರೂ ಸಾಕ್ಷಿ ಹೇಳ್ಬೇಕು.”

ಅಂಥವಳು ಇದ್ದದ್ದು ಒಬ್ಬಳೇ. ಲಾಯರಮ್ಮ ಅವಮಾನ ನುಂಗಿಕೊಂಡು ಅವಳ ಮೇಜಿಗೆ ಹೋದಳು.

“ರಾಜೀನಾಮೆ ಅಂತ ಕಾಗದದಲ್ಲಿ ಬರೀಬೇಡಿ ಅಂತ ಅವತ್ತೇ ಬಡ್ಕೊಂಡೆ. ನಿನಗೆ ಹೊಟ್ಟೆ ದೊಡ್ಡದು ಅಂದ್ರಿ,” ಎಂದಳು ಬಿಗಿಮುಷ್ಟಿ, ತಲೆಯೆತ್ತದೆ. ಲಾಯರಮ್ಮ ನಿಂತೇ ಇದ್ದಳು. ಕೊನೆಗೆ ಬಿಗಿಮುಷ್ಟಿಯೇ, “ನಾಳೆ ಎಷ್ಟು ಗಂಟೆಗೆ?” ಎಂದಳು. ಲಾಯರಮ್ಮ ಸಮಯವಷ್ಟೇ ಹೇಳಿ ಬಂದಳು.

ಮರುದಿನ ಕಚೇರಿಯಲ್ಲಿ ಅಧಿಕಾರಿ ಬಿಗಿಮುಷ್ಟಿಯನ್ನು ಕೇಳಿದ: “ರಾಜೀನಾಮೆ ಬರೀರಿ ಅಂತ ಕಂಪನಿ ಹೇಳಿದ್ದು ನಿಜವಾ?”

“ನಿಜ. ನನಗೂ ಹೇಳಿದ್ರು.”

“ನೀವು ಬರೀಲಿಲ್ಲ.”

“ಇಲ್ಲ.”

“ಬರೀದೆ ಇದ್ದದ್ದಕ್ಕೆ ಕಂಪನಿ ನಿಮಗೇನು ಮಾಡ್ತು? ಸಂಬಳ ಹಿಡೀತಾ? ಬೇರೆ ಕಡೆ ಹಾಕ್ತಾ?”

ಬಿಗಿಮುಷ್ಟಿ ಯೋಚಿಸಿದಳು.

“ಕಂಪನಿ ಏನೂ ಮಾಡ್ಲಿಲ್ಲ. ಮಾಡಿದ್ದು ಇವರು. ಹದಿನಾರು ವರ್ಷ ಒಬ್ಬಳೂ ನನ್ನ ಜೊತೆ ಕೂತು ಬುತ್ತಿ ಬಿಚ್ಚಿಲ್ಲ.”

ಅಧಿಕಾರಿ ಮೊದಲ ವಾಕ್ಯವನ್ನಷ್ಟೇ ಬರೆದುಕೊಂಡ.

“ಒತ್ತಾಯ ಇತ್ತು ಸಾರ್!” ಲಾಯರಮ್ಮ ಎದ್ದು ನಿಂತಳು. “ಹೆದರಿಸಿ ಬರೆಸಿದ್ದು ನಾನು. ಸರದಿಗೆ ಒಪ್ದೇ ಇದ್ರೆ ಇವಳ ಹಾಗೇ ದೂರ ಇಡ್ತೀವಿ ಅಂದಿದ್ದೆ. ಅದನ್ನ ಬರ್ಕೊಳ್ಳಿ.”

“ನೀವು ಕಂಪನಿಯಲ್ವಲ್ಲಮ್ಮಾ,” ಎಂದು ಅವನು ಪೆನ್ನು ಮುಚ್ಚಿದ. ಹೇಳಿದ್ದು ಮೆತ್ತಗೇ, ಅದು ಇನ್ನೂ ಹೊಟ್ಟೆ ಉರಿಸಿತು. ಹೆಂಗಸರು ತಮ್ಮ ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟಿದ್ದರೆಂದು ಕಡತದಲ್ಲಿ ಸೇರಿತು.

ಮೆಟ್ಟಿಲಿಳಿಯುವಾಗ ಬಿಗಿಮುಷ್ಟಿ ನಿಂತಳು. “ನಾನು ಸುಳ್ಳು ಹೇಳ್ಬೇಕಿತ್ತಾ?”

“ಹೇಳ್ಬೇಕಿತ್ತು,” ಎಂದಳು ಲಾಯರಮ್ಮ.

“ಹೇಳ್ತಿದ್ದೆ ಕಣೇ. ನನಗೇನು ಗಂಟು ಹೋಗ್ತಿತ್ತು? ಹೀಗ್ ಕೇಳಿದ್ರೆ ಹೀಗ್ ಹೇಳು ಅಂತ ನಿನ್ನೆ ಎರಡು ನಿಮಿಷ ಕೂತು ಹೇಳಿಕೊಡೋದಲ್ವಾ?”

ಬಿಗಿಮುಷ್ಟಿಯ ಪಕ್ಕದ ಸ್ಟೂಲು ನಿನ್ನೆ ಖಾಲಿಯೇ ಇತ್ತು. ಕೂರಬೇಕೆಂದು ಲಾಯರಮ್ಮನಿಗೆ ತೋಚಿರಲೇ ಇಲ್ಲ.