ಬಟ್ಟೆ ಬದಲಿಸುವ ಕೋಣೆ

ಆ ಮರಗೆಲಸದ ಕಾರ್ಖಾನೆಯಲ್ಲಿ ದಿನದ ಕೆಲಸ ಹಂಚಿಕೆಯಾಗುತ್ತಿದ್ದದ್ದು ಮಹಡಿಯ ಮೇಲೆ, ಗಂಡಸರು ಬಟ್ಟೆ ಬದಲಿಸುವ ಕೋಣೆಯಲ್ಲಿ. ಹಾಗೆಂದು ಯಾರೂ ಕಟ್ಟಲೆ ಮಾಡಿರಲಿಲ್ಲ. ಹಿರಿಯ ಬಡಗಿ ತಾನು ಮೇಸ್ತ್ರಿಯಾಗಿದ್ದ ಕಾಲದಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ, "ಬಾಗಿಲು ನೀನು ನೋಡ್ಕೋ, ಕಿಟಕಿ ಅವನಿಗೆ ಬಿಡು" ಎಂದುಬಿಡುತ್ತಿದ್ದ. ಕೆಳಗಿಳಿಯುವಷ್ಟರಲ್ಲಿ ಎಲ್ಲರ ಕೈಗೂ ಕೆಲಸ ಸಿಕ್ಕಿರುತ್ತಿತ್ತು. ಹೊತ್ತು ಉಳಿಯಿತೆಂದು ಅವನಿಗೆ ಒಳಗೊಳಗೇ ಹೆಮ್ಮೆ. ಈಗ ಮೇಸ್ತ್ರಿಕೆ ಅಳಿಯನದು; ಪದ್ಧತಿ ಮಾತ್ರ ಮಾವನದೇ.

ಬಡಗಿಗಳಲ್ಲಿ ಹೆಂಗಸು ಒಬ್ಬಳೇ. ಅವಳು ಕೆಳಗಿನ ಉಗ್ರಾಣದಲ್ಲಿ ಬಟ್ಟೆ ಬದಲಿಸಿ ಬರುವಷ್ಟರಲ್ಲಿ ಉಜ್ಜಿ ನಯಮಾಡುವ ಕೆಲಸವಷ್ಟೇ ಉಳಿದಿರುತ್ತಿತ್ತು. "ಅಕ್ಕನ ಕೈ ಬಿದ್ರೆ ಮರ ಬೆಣ್ಣೆ" ಎಂದು ಎಲ್ಲರೂ ಹೊಗಳುತ್ತಿದ್ದರು. ಹೊಗಳಿಕೆಯಲ್ಲಿ ಕಪಟವಿರಲಿಲ್ಲ. ಆದರೆ ಅವಳದು ಹಂಗಾಮಿ ನೌಕರಿ. ದೊಡ್ಡ ಕೆಲಸವೊಂದನ್ನು ಮಾಡಿ ತೋರಿಸಿದವರನ್ನಷ್ಟೇ ಕಾಯಂ ಮಾಡುವುದು ಮಾಲೀಕರ ನಿಯಮ. ಯುಗಾದಿಗೆ ಅವಳ ಗಡುವು ಮುಗಿಯುತ್ತಿತ್ತು.

ಅಂಥ ಹೊತ್ತಿನಲ್ಲಿ ವಾಚನಾಲಯವೊಂದರ ಸುರುಳಿ ಮೆಟ್ಟಿಲಿನ ಕೆಲಸ ಬಂತು. ಹಿರಿಯನ ಆಸೆ ಚಿಗುರಿತು. ನಿವೃತ್ತನಾಗುವ ಮುನ್ನ ಆ ಮೆಟ್ಟಿಲ ಬದಿಯ ಕೈಹಿಡಿಯಲ್ಲಿ ಒಂದು ತಿರುವು, ನೀರು ತಾನಾಗಿ ಹರಿದು ಗಟ್ಟಿಯಾದಂಥ ಒಂದು ತಿರುವು, ತನ್ನ ಕೈಯಿಂದ ಆಗಲಿ ಎಂದುಕೊಂಡ. ಬೆರಳುಗಳೇನೋ ಮರಗಟ್ಟಿದ್ದವು. ಅಂದು ಬೆಳಿಗ್ಗೆ ಗುಂಡಿಗಳು ಮಾತು ಕೇಳದೆ, ಮಗಳೇ ಕೆಲಸದ ಅಂಗಿ ತೊಡಿಸಿ ಗುಂಡಿ ಹಾಕಿ ಕಳಿಸಿದಳು.

ಮಹಡಿ ಹತ್ತುವ ಅಗತ್ಯವಿಲ್ಲದೆ, ಮೆಟ್ಟಿಲು ಹೇಗೂ ತನಗೇ ಎಂದುಕೊಂಡು ಅವನು ಕೆಳಗೇ ನಿಂತ. ಕಿಟಕಿಯ ಬಿಸಿಲಿನಲ್ಲಿ ನಿನ್ನೆಯ ಮರದ ಹುಡಿ ತೇಲುತ್ತಿತ್ತು. ಮೇಲಿನಿಂದ ನಗು, ಹೆಜ್ಜೆ, ಮಾತಿನ ಗುಜುಗುಜು. ಆಮೇಲೆ ಎಲ್ಲರೂ ಇಳಿದು ಬಂದರು. ಒಬ್ಬೊಬ್ಬರೂ ತಮ್ಮ ಮರ ಎತ್ತಿಕೊಂಡು ನಡೆದರು. ಹಿರಿಯನ ಮುಂದೆ ಉಳಿದದ್ದು ಒಂದು ರಾಶಿ ಕುರ್ಚಿಯ ಕಾಲು, ಒಂದು ಕಟ್ಟು ಉಜ್ಜುವ ಕಾಗದ.

ಪಕ್ಕದಲ್ಲಿ ಅವಳು ಆಗಲೇ ಕೂತಿದ್ದಳು.

"ಬನ್ನಿ ಅಜ್ಜ. ಇವತ್ತು ನೀವೂ ನಮ್ಮ ಪಂಕ್ತಿಗೇ."

"ಮೆಟ್ಟಿಲು ಯಾರಿಗೆ ಹೋಯ್ತಮ್ಮ?"

"ಕಿಟಕಿ ಮಾಡೋ ಉದ್ದಣ್ಣನಿಗಂತೆ. ಇಳೀತಾ ಮಾತಾಡ್ಕೊಂಡ್ರು. ನನಗೆ ಯಾವಾಗ್ಲೂ ಹೀಗೇ ಗೊತ್ತಾಗೋದು."

ಅವಳ ದನಿಯಲ್ಲಿ ಮುನಿಸಿರಲಿಲ್ಲ. ಅದೇ ಅವನನ್ನು ಚುಚ್ಚಿತು. ಕುರ್ಚಿಯ ಕಾಲೊಂದನ್ನು ಸುಮ್ಮನೆ ಉಜ್ಜುತ್ತ ಕುಳಿತ. ಒಂದೇ ಬೆಳಗಿನ ಈ ಉರಿ ಅವಳಿಗೆ ದಿನವೂ ಇತ್ತೆ? ಬಾಗಿಲಿಗೆ ಬೀಗ ಹಾಕದೆಯೇ ಒಬ್ಬಳನ್ನು ಹೊರಗಿಟ್ಟ ಕೋಣೆ ಅದು, ಕಟ್ಟಿದವನು ತಾನೇ.

ಸಂಜೆ ಅಳಿಯನನ್ನು ಪಕ್ಕಕ್ಕೆ ಕರೆದು ಮೆಟ್ಟಿಲಿನ ಮಾತು ಎತ್ತಿದ. ಅಳಿಯ ಗಾಬರಿಯಾದ.

"ಅಯ್ಯೋ ಮಾವ, ನಿಮಗೆ ಬೇಕಿತ್ತಾ? ಬಾಯಿಬಿಟ್ಟು ಹೇಳಬಾರ್ದಾ? ನಾಳೆಯಿಂದ ಮೆಟ್ಟಿಲು ನಿಮ್ಮದೇ."

ಹಿರಿಯನ ನಾಲಿಗೆಯ ತುದಿಗೆ 'ಆಗಲಿ' ಬಂದಿತ್ತು. ನುಂಗಿಕೊಂಡ.

"ನನಗೆ ಕೊಡು ಅಂತಲ್ಲ. ಮತ್ತೆ ಹಂಚು. ಇಲ್ಲಿ, ಕೆಳಗೆ, ಎಲ್ಲರೂ ಬಂದ ಮೇಲೆ."

"ಅಕ್ಕನ ಬಗ್ಗೆನಾ? ಅವರು ಒಂದು ದಿನಾನೂ ಕೇಳಿದವರಲ್ಲ."

"ಎಲ್ಲಿ ಬಂದು ಕೇಳ್ಬೇಕಿತ್ತಪ್ಪ? ನೀನು ಪ್ಯಾಂಟು ಏರಿಸ್ತಾ ಇರೋ ಕಡೆಗಾ?"

ಅಳಿಯ ಕಿವಿಯವರೆಗೂ ಕೆಂಪಾದ.

ಮರುದಿನ ಎಲ್ಲರೂ ದೊಡ್ಡ ಮೇಜಿನ ಸುತ್ತ ನಿಂತರು. ಹೊಸ ಜಾಗ, ಕೈ ಎಲ್ಲಿಡಬೇಕೆಂದು ಯಾರಿಗೂ ತಿಳಿಯದು. ಅಳಿಯ ಕೆಮ್ಮಿದ. "ಮೆಟ್ಟಿಲು. ಸುರುಳಿ ಕೈಹಿಡಿ ಮಾಡಿದವರು ಯಾರಿದ್ದೀರಿ?"

"ನಾನು ಕಿಟಕಿಗೇ ಸರಿಯಪ್ಪ" ಎಂದ ಉದ್ದಣ್ಣ. "ನಿನ್ನೆ ನಕ್ಷೆ ನೋಡಿದಾಗಿಂದ ತಲೆ ಗಿರಗಿರ ಅಂತಿದೆ. ನೀನು ಕೊಟ್ಟೆ ಅಂತ ಸುಮ್ಮನೆ ತಗೊಂಡೆ."

ನಗು ಎದ್ದು ಅಡಗಿತು. ಅವಳು ಏಪ್ರನ್ನಿನ ಅಂಚು ಹಿಂಡುತ್ತಿದ್ದಳು.

"ಹಿಂದೆ ಕೆಲಸಕ್ಕಿದ್ದ ಕಡೆ ಎರಡು ಮಾಡಿದ್ದೆ. ನನಗೆ ಕೊಡಿ."

ಅಳಿಯ ಅವಳನ್ನು ನೋಡಿದ, ಮಾವನನ್ನು ನೋಡಿದ. ಆ ಕ್ಷಣ ಹಿರಿಯನ ಕಣ್ಣಮುಂದೆ ಅವನ ತಿರುವು ಕೊನೆಯ ಬಾರಿ ಹರಿದುಹೋಯಿತು. ಬೆರಳುಗಳನ್ನು ಮಡಚಿ ಬಿಡಿಸಿದ.

"ನನ್ನ ಮುಖ ಏನು ನೋಡ್ತೀಯೋ? ಕೇಳ್ತಿರೋರು ಅವರು. ಅವರಿಗೆ ಕೊಡು. ಉಜ್ಜೋಕೆ ನಾನಿದ್ದೀನಿ."

ಚಳಿ ಕಳೆದು ಬಿಸಿಲು ಏರುವ ವೇಳೆಗೆ ಕೈಹಿಡಿ ಸಿದ್ಧವಾಯಿತು. ಅವನು ಎಣಿಸಿದ ತಿರುವು ಅದಾಗಿರಲಿಲ್ಲ. ಸ್ವಲ್ಪ ಬಿಗಿ, ಸ್ವಲ್ಪ ತುಂಟ, ಪೂರ್ತಿ ಅವಳದು. ಮಾಲೀಕರು ಅದರ ಮೇಲೆ ಅಂಗೈ ಜಾರಿಸಿ ನೋಡಿ, ಅವಳ ಕಾಯಂ ಪತ್ರಕ್ಕೆ ಅಲ್ಲೇ ರುಜು ಹಾಕಿದರು. ಅವರು ಅತ್ತ ಹೋದದ್ದೇ ತಡ, ಅವಳು ಬಗ್ಗಿ ಅಡಿಬದಿಯನ್ನು ತಡವಿದಳು.

"ಅಜ್ಜ, ಇಲ್ಲಿ ಇನ್ನೂ ತರಿತರಿ ಇದೆ."

"ಕಾಯಂ ಆಗಿ ಒಂದು ಗಳಿಗೆ ಆಗಿಲ್ಲ, ಆಗ್ಲೇ ದರ್ಬಾರು ಶುರು ಮಾಡಿದ್ಲು" ಎಂದು ಗೊಣಗುತ್ತ, ಹಿರಿಯ ಹೊಸ ಕಾಗದವೊಂದನ್ನು ಹರಿದುಕೊಂಡ.