ದಿಂಬು ಕಂಪನಿಗೊಂದು ಪುಟ

ಅತ್ತೆ ಟ್ಯಾಬಿನಲ್ಲಿ ಇಸ್ಪೀಟು ಆಡುತ್ತಾಳೆ ಎಂದೇ ಮನೆಯಲ್ಲಿ ಎಲ್ಲರ ನಂಬಿಕೆ. ಎಲ್ಲರೂ ಅಂದರೆ ಇಬ್ಬರು. ಲಾರಿ ಓಡಿಸುತ್ತ ಯಾವಾಗಲೋ ಒಮ್ಮೆ ಮನೆಗೆ ಮುಖ ತೋರಿಸುವ ಮಗ, ದಿಂಬು ಕಂಪನಿಯಲ್ಲಿ ದುಡಿಯುವ ಸೊಸೆ. ಆ ನಂಬಿಕೆಯನ್ನು ಕೆಡಿಸುವ ಗೋಜಿಗೆ ಅತ್ತೆಯೂ ಹೋಗಿರಲಿಲ್ಲ. ಬಸ್ಸಿನಲ್ಲಿ ನಿಂತು ಜೀವಮಾನವಿಡೀ ಟಿಕೆಟ್ ಹರಿದ ಹೆಂಗಸು ನಿವೃತ್ತಳಾದ ಮೇಲೆ ಅಂತರ್ಜಾಲದ ವಿಶ್ವಕೋಶ ತಿದ್ದುತ್ತಾಳೆ ಅಂದರೆ ನಕ್ಕಾರು ಎಂಬ ಅಳುಕು ಒಂದು ಕಡೆ. ಯಾರಿಗೂ ಹೇಳದೆ ಇಟ್ಟುಕೊಂಡದ್ದರ ಸುಖ ಇನ್ನೊಂದು ಕಡೆ.

ಯಾರು ಬೇಕಾದರೂ ಬರೆಯಬಹುದಾದ ವಿಶ್ವಕೋಶ ಅದು. ಯಾರು ಬೇಕಾದರೂ ಬರೆಯಬಹುದು ಅಂದಮೇಲೆ ಬರೆದದ್ದನ್ನು ತಡೆದು ಕೇಳುವವರೂ ಬೇಕಲ್ಲ? ಅತ್ತೆ ಆ ಪೈಕಿ. ಅಲ್ಲಿ ಅವಳ ಹೆಸರು 'ಕೊನೆಯ ಸೀಟು'. ಹೊಸದಾಗಿ ಬಂದ ಕಂಪನಿಗಳ ಪುಟಗಳನ್ನು ಜಾಲಾಡುವುದು ಅವಳೇ ಮೈಮೇಲೆ ಎಳೆದುಕೊಂಡ ಕೆಲಸ. ಡಿಪೋದಲ್ಲಿ ಬಸ್ಸು ತೊಳೆಯುವ ಹೊತ್ತಿಗೆ ಹೆಂಗಸರೆಲ್ಲ ಸುತ್ತ ಕೂತು ಪತ್ರಿಕೆ ಓದುತ್ತಿದ್ದ ಕಾಲವೊಂದಿತ್ತು. ಒಬ್ಬಳು ಗಟ್ಟಿಯಾಗಿ ಓದಬೇಕು, ಉಳಿದವರು ಅಡ್ಡ ಪ್ರಶ್ನೆ ಹಾಕಬೇಕು: ಇದನ್ನು ಹೇಳಿದ್ದು ಯಾರು? ಹೇಳಿದ್ದರಿಂದ ಅವರಿಗೇನು ಲಾಭ? ಸಂಬಳದ ಹೋರಾಟಗಳು ಹುಟ್ಟಿದ್ದೇ ಆ ಎರಡು ಪ್ರಶ್ನೆಗಳಿಂದ. ವಿಶ್ವಕೋಶದ ನಿಯಮವೂ ಹೆಚ್ಚುಕಡಿಮೆ ಅದೇ ಎಂದು ತಿಳಿದಾಗ ಅವಳಿಗೆ ತವರಿಗೆ ಬಂದಷ್ಟು ಹಿಗ್ಗಾಗಿತ್ತು. ಒಂದು ಕಂಪನಿಗೆ ಪುಟ ಬೇಕೆಂದರೆ ಅದರಿಂದ ಕಾಸಿನ ಲಾಭವಿಲ್ಲದ ಹೊರಗಿನವರು ಅದರ ಬಗ್ಗೆ ವಿವರವಾಗಿ ಬರೆದಿರಬೇಕು. ತನ್ನ ಬೆನ್ನು ತಾನೇ ತಟ್ಟಿಕೊಂಡದ್ದು ಲೆಕ್ಕಕ್ಕಿಲ್ಲ.

ಆ ವಾರ ಅವಳು ಆಕ್ಷೇಪ ಹಾಕಿದ್ದು 'ವಿಶ್ರಾಂತಿ ಪರಿಹಾರ ಸಮೂಹ' ಎಂಬ ಪುಟಕ್ಕೆ. ಮಾನವಕುಲದ ನೆಮ್ಮದಿಗೆ ಮುಡಿಪಾದ ಅಗ್ರಗಣ್ಯ ಸಂಸ್ಥೆಯಂತೆ. ತಲೆಗೆ ಆಧಾರ ನೀಡುವ ನವೀನ ಉತ್ಪನ್ನಗಳಂತೆ. ಶುದ್ಧ ಗಾಳಿ, ಕಾರ್ಮಿಕಸ್ನೇಹಿ ವಾತಾವರಣವಂತೆ. ಬರೆದವರ ಹೆಸರು 'ನಿದ್ರಾಪ್ರಿಯ'. ಆಧಾರವೆಂದು ಕೊಟ್ಟದ್ದರಲ್ಲಿ ಒಂದು ಕಂಪನಿಯದೇ ಜಾಲತಾಣ, ಒಂದು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು ಲೇಖನ, ಇನ್ನೊಂದು ಅರ್ಜಿ ಹಾಕಿದವರಿಗೆಲ್ಲ ಹಂಚುವ ಪ್ರಶಸ್ತಿ. 'ಹೊರಗಿನವರ ಒಂದು ಸಾಲೂ ಇಲ್ಲ. ಅಳಿಸಬೇಕು' ಎಂದು ಚರ್ಚೆಗೆ ಹಾಕಿ ಅವಳು ಬಟ್ಟೆ ಒಗೆಯಲು ಹೋಗಿದ್ದಳು.

ಮಾರನೇ ದಿನ ಸಂಜೆ ಸೊಸೆ ಬಂದವಳೇ ಚೀಲವನ್ನು ಕುರ್ಚಿಯ ಮೇಲೆ ಎಸೆದಳು.

"ಅತ್ತೆ, ಯಾವನೋ ಒಬ್ಬ ನನ್ನ ಹೊಟ್ಟೆ ಮೇಲೆ ಹೊಡೀತಿದಾನೆ."

"ಯಾವನೇ ಅವನು? ಹೇಳು, ನಿನ್ನ ಗಂಡನ್ನ ಲಾರಿ ಸಮೇತ ಕಳಿಸ್ತೀನಿ."

"ಲಾರಿ ಹತ್ತಿಸೋಕೆ ಮನುಷ್ಯ ಕೈಗೆ ಸಿಗಬೇಕಲ್ಲ! ಕೊನೆಯ ಸೀಟು ಅಂತೆ ಹೆಸರು. ಕೆಲಸ ಇಲ್ಲದ ದರಿದ್ರ ಮುಂಡೇದು. ಮಾಲೀಕರು ನನ್ ಹತ್ರ ಕಂಪನಿ ಪುಟ ಬರೆಸಿದ್ರು, ಅದನ್ನ ಅಳಿಸಬೇಕಂತೆ!"

ಅತ್ತೆ ಟೀ ಲೋಟ ಎತ್ತಿ ಒಂದು ಗುಟುಕು ಕುಡಿದಳು.

"ನಿಮ್ಮ ಕಂಪನಿ ಹೆಸರು ಅದಲ್ವಲ್ಲೇ," ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡಳು. "ಅಂದ್ರೆ... ದಿಂಬು ಕಂಪನಿ ಅಲ್ವಾ ನಿಮ್ದು?"

"ಅದು ಹಳೇದು. ಈಗ ವಿಶ್ರಾಂತಿ ಪರಿಹಾರ ಸಮೂಹ. ದಿಂಬು ಅನ್ನೋ ಪದ ಪುಟದಲ್ಲಿ ಎಲ್ಲೂ ಬರಬಾರದು ಅಂದ್ರು. ತಲೆಗೆ ಆಧಾರ ಅಂತ ನಾನೇ ಹೊಂದಿಸಿದ್ದು," ಎಂದು ಸೊಸೆ ಆ ಸಿಟ್ಟಿನಲ್ಲೂ ಕೊಂಚ ಬೀಗಿದಳು. ಬೀಗಿದ್ದು ಅಲ್ಲಿಗೇ ಇಳಿಯಿತು. "ಪುಟ ಉಳಿದ್ರೆ ಆಫೀಸ್ ಕೆಲಸ ಖಾಯಂ. ಇಲ್ದಿದ್ರೆ ವಾಪಸ್ ಎರಡನೇ ಮಹಡಿ."

ಎರಡನೇ ಮಹಡಿ ಅಂದರೆ ಏನೆಂದು ಅತ್ತೆಗೆ ಬಿಡಿಸಿ ಹೇಳಬೇಕಿರಲಿಲ್ಲ. ದಿಂಬಿಗೆ ನಾರು ತುಂಬುವ ಕೋಣೆ ಅದು. ಸೊಸೆ ಅಲ್ಲಿದ್ದಷ್ಟು ಕಾಲ ರಾತ್ರಿ ಮನೆಯಲ್ಲಿ ಗೋಡೆಯ ಆಚೆಯಿಂದ ಕೆಮ್ಮು ಕೇಳಿಸುತ್ತಿತ್ತು. ಬಾಯಿಗೆ ಸೆರಗು ಒತ್ತಿಕೊಂಡು, ಅತ್ತೆಗೆ ಎಚ್ಚರವಾಗದಿರಲಿ ಎಂದು ಕದ್ದು ಕೆಮ್ಮುವ ಕೆಮ್ಮು. ಕೈಬರಹ ಚೆನ್ನಾಗಿದೆ, ನಾಲ್ಕು ಮಾತು ಬರೆಯಬಲ್ಲಳು ಎಂದು ಅವಳನ್ನು ಕೆಳಗಿನ ಆಫೀಸಿಗೆ ತಂದು ಕೂರಿಸಿದ ಮೇಲೆ ಆ ಸದ್ದು ನಿಂತಿತ್ತು. ನಿಂತದ್ದನ್ನು ಇಬ್ಬರೂ ಗಮನಿಸಿದ್ದರು. ಬಾಯಿಬಿಟ್ಟು ಹೇಳಿದರೆ ಕೆಮ್ಮಿಗೆ ಕೇಳಿಸೀತೋ ಎನ್ನುವ ಹಾಗೆ ಇಬ್ಬರೂ ಸುಮ್ಮನಿದ್ದರು.

"ಏನತ್ತೆ, ಬಾಯಿಗೆ ಬೀಗ ಬಿತ್ತಾ? ನೀವೂ ನಾಲ್ಕು ಬೈಯ್ರಿ ಅವನಿಗೆ."

"ಹಾಳಾಗಿ ಹೋಗ್ಲಿ," ಅಂದಳು ಅತ್ತೆ, ತನಗೆ ತಾನೇ.

ಬೆಳಿಗ್ಗೆ ಸೊಸೆ ಮೆಟ್ಟಿಲಿಳಿದು ಹೋದ ಮೇಲೆ ಅತ್ತೆ ಟ್ಯಾಬು ತೆಗೆದಳು. ತನ್ನದು ತಪ್ಪೆಂದು ಸಾಬೀತಾಗಲಿ ಎಂದು ಹಂಬಲಿಸುತ್ತ ಹುಡುಕಿದ್ದು ಅದೇ ಮೊದಲು. ಹಳೆಯ ಪತ್ರಿಕೆಗಳು, ಕಾಲೇಜುಗಳ ಅಧ್ಯಯನಗಳು, ನ್ಯಾಯಾಲಯದ ವರದಿಗಳು, ಎಲ್ಲವನ್ನೂ ಕೆದಕಿದಳು. ಕಂಪನಿಯ ಹಳೇ ಹೆಸರು ಹಾಕಿದಳು, ಹೊಸ ಹೆಸರು ಹಾಕಿದಳು, ಕೊನೆಗೆ ಬರೀ ದಿಂಬು ಎಂದು ಹಾಕಿದಳು. ದಿಂಬು ಹೇಗೆ ತೊಳೆಯಬೇಕು, ಯಾವ ದಿಂಬಿಗೆ ಕತ್ತು ನೋಯುವುದಿಲ್ಲ ಎಂದು ಜಗತ್ತೇ ಬರೆದಿತ್ತು. ದಿಂಬು ತುಂಬುವವರ ಬಗ್ಗೆ ಒಂದು ಸಾಲೂ ಇರಲಿಲ್ಲ. ಒಂದು ಬೀದಿ ತುಂಬುವಷ್ಟು ಹೆಂಗಸರು ದಿನಾ ಆ ಗೇಟಿನೊಳಗೆ ಹೋಗಿ ಬರುತ್ತಾರೆ, ಹೊರಗಿನ ಒಬ್ಬನೇ ಒಬ್ಬ ಅದರೊಳಗೆ ಕಾಲಿಟ್ಟು ನೋಡಿಲ್ಲ! ಪ್ರಶಸ್ತಿ ಕೊಟ್ಟವನು ನೋಡಿಲ್ಲ, ಜಾಹೀರಾತು ಬರೆದವನೂ ನೋಡಿಲ್ಲ. ಪುಟಕ್ಕೆ ಯೋಗ್ಯತೆ ಇದೆಯೇ ಎಂದು ಕೇಳುವ ಜಗತ್ತಿಗೆ ನೋಡುವ ಯೋಗ್ಯತೆ ಇದೆಯೇ ಎಂದು ಕೇಳುವ ನಿಯಮ ಯಾವ ವಿಶ್ವಕೋಶದಲ್ಲೂ ಇಲ್ಲ. ಅವಳಿಗೆ ಮೈಯೆಲ್ಲ ಉರಿಯಿತು.

'ಅಳಿಸಬೇಕು' ಎಂಬಲ್ಲಿ 'ಉಳಿಸಬೇಕು' ಎಂದು ಬರೆದರೆ ಆಯಿತು. ಬೆರಳು ಅಷ್ಟು ದೂರ ಹೋಗಿಯೂ ಇತ್ತು. ಆದರೆ ಕರುಳಿಗೆ ಹತ್ತಿರದವರ ವಿಷಯ ಬಂದಾಗ ಅದನ್ನು ಒಪ್ಪಿಕೊಂಡು ದೂರ ಸರಿಯಬೇಕು ಎಂಬುದು ಅಲ್ಲಿನ ರೀತಿ. ಇನ್ನೊಬ್ಬರಿಗೆ ಅವಳೇ ಎಷ್ಟೋ ಸಲ ಇದನ್ನು ನೆನಪಿಸಿದ್ದಳು. ಕೊನೆಗೆ ಅವಳು ಹೀಗೆ ಬರೆದಳು: 'ಈ ಕಂಪನಿಯಲ್ಲಿ ದುಡಿಯುವ ಒಬ್ಬರು ನನಗೆ ತೀರ ಬೇಕಾದವರು. ಇದು ಈಗ ತಿಳಿಯಿತು. ನನ್ನ ಆಕ್ಷೇಪವನ್ನು ಲೆಕ್ಕಕ್ಕೆ ಹಿಡಿಯಬೇಡಿ.'

ಆ ಸಂಜೆ ಸೊಸೆ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದಳು.

"ಅತ್ತೆ! ಕೊನೆಯ ಸೀಟು ಇಳಿದು ಹೋದ! ಅವನ ಕಡೆಯವರು ಯಾರೋ ನಮ್ಮಲ್ಲೇ ಇದಾರಂತೆ. ಪಾಪ, ಯಾರ ಗಂಡನೋ ಏನೋ. ನಾನು ಬೈದಿದ್ದು ಜಾಸ್ತಿ ಆಯ್ತು ಅನ್ಸುತ್ತೆ."

"ಜಾಸ್ತಿನೇ ಆಯ್ತು," ಅಂದಳು ಅತ್ತೆ. "ದರಿದ್ರ ಮುಂಡೇದು ಅಂದೆ. ಕೆಲಸ ಇಲ್ಲ ಅಂದೆ. ಕೆಲಸ ಇಲ್ಲ ಅಂದಿದ್ದೇ ನಂಗೆ ಬೇಜಾರಾಗಿದ್ದು."

ಸೊಸೆ ಚಪ್ಪಲಿ ಬಿಚ್ಚುತ್ತಿದ್ದವಳು ಒಂದು ಕಾಲಲ್ಲೇ ನಿಂತಳು. ಅತ್ತೆಯನ್ನು ನೋಡಿದಳು, ಟ್ಯಾಬನ್ನು ನೋಡಿದಳು.

"ಇಸ್ಪೀಟು?"

"ನಂಗೆ ಇಸ್ಪೀಟು ಬರಲ್ಲ ಕಣೇ."

ಸೊಸೆ ನಗಲಿಲ್ಲ. ನಗುತ್ತಾಳೆ ಎಂದುಕೊಂಡಿದ್ದ ಅತ್ತೆಯ ಮುಖ ಸಣ್ಣದಾಯಿತು.

"ನಿನ್ನೇನೇ ಗೊತ್ತಾಯ್ತು ನಿಮಗೆ. ನಾನು ಇಲ್ಲೇ ನಿಂತು ಹೊಟ್ಟೆ ಉರಿಸ್ಕೊಳ್ತಿದ್ದೆ. ನನ್ನ ಮುಂದೆ ಟೀ ಕುಡೀತಾ ಕೂತಿದ್ರಿ."

"ಹೇಳೋಕೆ ನಾಲಿಗೆ ಹೊರಳಲಿಲ್ಲ. ತಪ್ಪಾಯ್ತು."

"ನಾನು ಬರೆದಿದ್ದು ಅಷ್ಟು ಕೆಟ್ಟದಾಗಿತ್ತಾ ಅತ್ತೆ?"

ಅತ್ತೆಗೆ ಈ ಪ್ರಶ್ನೆ ಬೈಗುಳಕ್ಕಿಂತ ಜೋರಾಗಿ ತಾಗಿತು. "ಬರವಣಿಗೆ ಚೆನ್ನಾಗಿತ್ತು. ನಿಂದು ಅಂತ ಗೊತ್ತಾಗದಷ್ಟು ಚೆನ್ನಾಗಿತ್ತು. ಅದೇ ತೊಂದರೆ. ಅದರಲ್ಲಿ ನೀನು ಎಲ್ಲೂ ಇರಲಿಲ್ಲ."

ಸೊಸೆ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಊಟದ ಹೊತ್ತಿಗೆ ಹೊರಗೆ ಬಂದಾಗ ಕೈಯಲ್ಲಿ ಫೋನಿತ್ತು. ಚರ್ಚೆಯಲ್ಲಿ 'ಗೂಬೆ' ಎಂಬ ಹೆಸರಿನವರು ಹೊಸದಾಗಿ ಒಂದು ಪ್ರಶ್ನೆ ಹಾಕಿದ್ದರು: ನಿದ್ರಾಪ್ರಿಯ ಅವರೇ, ನೀವು ಈ ಕಂಪನಿಯಿಂದ ಸಂಬಳ ಪಡೆಯುತ್ತೀರಾ?

"ಏನ್ ಬರೀಲಿ?"

"ನಾನು ಹೇಳೋ ಹಾಗಿಲ್ಲ. ಚರ್ಚೆಯಿಂದ ಇಳಿದಾಗಿದೆ."

"ಇದು ಅಡುಗೆಮನೆ ಅತ್ತೆ. ಇಲ್ಲೂ ನಿಯಮಾನಾ?"

ಅತ್ತೆ ಒಲೆ ಆರಿಸಿದಳು. ತಟ್ಟೆ ಒರೆಸಿದಳು, ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು.

"ಅಡುಗೆಮನೇಲಿ ಕೇಳ್ತಿದ್ರೆ ಹೇಳ್ತೀನಿ. ಇಲ್ಲ ಅಂತ ಬರಿ. ಸುಳ್ಳು ಹೇಳು. ಯಾವ ಪುಟ ಇದ್ರೆಷ್ಟು, ಹೋದ್ರೆಷ್ಟು. ನೀನು ಕೆಮ್ಮೋದನ್ನ ಗೋಡೆಗೆ ಕಿವಿ ಇಟ್ಟು ಕೇಳಿದವಳು ನಾನು. ಮತ್ತೆ ಕೇಳೋ ಶಕ್ತಿ ನಂಗಿಲ್ಲ."

ಸೊಸೆ ಕಣ್ಣು ಅರಳಿಸಿ ನೋಡಿದಳು. ಟಿಕೆಟ್ ಇಲ್ಲದೆ ಬಂದ ಸ್ವಂತ ತಮ್ಮನನ್ನೇ ನಡುದಾರಿಯಲ್ಲಿ ಬಸ್ಸಿನಿಂದ ಇಳಿಸಿದಳೆಂದು ನೆಂಟರೆಲ್ಲ ಇನ್ನೂ ಆಡಿಕೊಳ್ಳುವ ಹೆಂಗಸು ಇವಳೇನಾ?

"ನಾನು ಸೆರಗು ಒತ್ಕೊಳ್ತಿದ್ದೆನಲ್ಲ, ಕೇಳಿಸ್ತಿತ್ತಾ?"

"ಸೆರಗು ಒತ್ತೋದೂ ಕೇಳಿಸ್ತಿತ್ತು."

ಸೊಸೆ ನೆಲಕ್ಕೆ ಕೂತಳು. ಫೋನನ್ನು ಮಂಡಿಯ ಮೇಲೆ ತಿರುಗಿಸಿದಳು. ಆಮೇಲೆ, "ಶುದ್ಧ ಗಾಳಿ ಅಂತ ಬರೆದವಳು ನಾನೇ ಅತ್ತೆ," ಅಂದಳು. "ನಾನು ಕೆಳಗೆ ಕೂತು ಅದನ್ನ ಟೈಪ್ ಮಾಡ್ತಿದ್ದೆ, ತಲೆ ಮೇಲೆ ನನ್ನ ಜೊತೆಯವರು ಕೆಮ್ಮೋದು ಕೇಳಿಸ್ತಿತ್ತು. ಫ್ಯಾನ್ ಜೋರು ಮಾಡ್ಕೊಂಡೆ. ಮಧ್ಯಾಹ್ನ ಅವರ ಪಕ್ಕ ಕೂತು ತಿನ್ನೋಕಾಗಲ್ಲ ಈಗ. ಅವರೇನೂ ಅನ್ನಲ್ಲ. ಜಾಗ ಬಿಡ್ತಾರೆ. ಹಂಗೆ ಜಾಗ ಬಿಡೋದೇ ಆಗಲ್ಲ ನಂಗೆ."

ಅತ್ತೆ ಅವಳ ಪಕ್ಕ ಗೋಡೆಗೆ ಒರಗಿ ಕೂತಳು. ಸೊಸೆ ಬರೆಯತೊಡಗಿದಳು. ಬರೆದಂತೆಲ್ಲ ಗಟ್ಟಿಯಾಗಿ ಓದಿದಳು.

'ಹೌದು, ಸಂಬಳಕ್ಕೆ ಬರೆದೆ. ಅಲ್ಲಿ ಮಾಡುವುದು ದಿಂಬು. ಹೊರಗಿನವರು ನಮ್ಮ ಬಗ್ಗೆ ಬರೆದಿಲ್ಲ. ಬರೆಯುವುದಕ್ಕೆ ಏನೂ ಇಲ್ಲ ಅಂತಲ್ಲ, ಯಾರೂ ಬಂದಿಲ್ಲ. ಬರುವುದಾದರೆ ಎರಡನೇ ಮಹಡಿಗೆ ಬನ್ನಿ. ನಾರು ಹಾರಿ ಹಾಳಾಗುತ್ತದೆ ಎಂದು ಅಲ್ಲಿ ಕಿಟಕಿಗಳನ್ನು ಮುಚ್ಚಿಡುತ್ತಾರೆ. ಹಾರಿದ ನಾರು ನಮ್ಮ ಎದೆಯೊಳಗೆ ಹೋಗುತ್ತದೆ. ನಾನು ಅಲ್ಲಿ ಕೆಮ್ಮಿದವಳು. ಶುದ್ಧ ಗಾಳಿ ಎಂದು ಬರೆದದ್ದು ಸುಳ್ಳು. ಪುಟ ಅಳಿಸಿ.'

"ಬೇಡ ಕಣೇ," ಅಂದಳು ಅತ್ತೆ. "ಬರೆದವಳು ನೀನು ಅಂತ ಮಾಲೀಕರಿಗೆ ಗೊತ್ತು."

"ಗೊತ್ತಾಗ್ಲಿ ಅಂತಾನೇ," ಎಂದು ಸೊಸೆ ಒತ್ತಿಬಿಟ್ಟಳು. ಆಮೇಲೆ ಅತ್ತೆಯ ಹೆಗಲಿಗೆ ತಲೆಯಿಟ್ಟು ಕಣ್ಣು ಮುಚ್ಚಿದಳು. ಅತ್ತೆ ಕಾಲು ಜೋಮು ಹಿಡಿದರೂ ಅಲುಗಾಡಲಿಲ್ಲ.

ವಾರ ತುಂಬಿದ ಮೇಲೆ, ಚರ್ಚೆಯಲ್ಲಿ ಮೂಗು ತೂರಿಸದ, ಅಳಿಸುವ ಅಧಿಕಾರವಿದ್ದ ಯಾರೋ ಒಬ್ಬರು ಎಲ್ಲವನ್ನೂ ಓದಿ ಪುಟವನ್ನು ಅಳಿಸಿದರು. ಆದರೆ ಆ ವಿಶ್ವಕೋಶದಲ್ಲಿ ಪುಟ ಹೋದರೂ ಅದರ ಬಗ್ಗೆ ನಡೆದ ಚರ್ಚೆ ಉಳಿಯುತ್ತದೆ. ಯಾಕೆ ಅಳಿಸಿದರು ಎಂದು ನಾಳೆ ಕೇಳುವವರಿಗೆ ಉತ್ತರ ಇರಲಿ ಎಂದು ಅದನ್ನು ಹಾಗೇ ಇಡುತ್ತಾರೆ. ಮಾಲೀಕನಿಗೆ ಇದು ತಿಳಿದದ್ದು ತಡವಾಗಿ. ಅಳಿಸು ಅಂದ. ಅದು ನನ್ನ ಕೈಲಿಲ್ಲ ಸಾರ್ ಅಂದಳು ಸೊಸೆ. ಯಾರ ಕೈಲಿದೆ ಅಂದ. ಯಾರ ಕೈಲೂ ಇಲ್ಲ ಸಾರ್ ಅಂದಳು. ಅವಳ ಮೇಜನ್ನು ಅವತ್ತೇ ಖಾಲಿ ಮಾಡಿಸಿ ವಾಪಸ್ ಎರಡನೇ ಮಹಡಿಗೆ ಹಾಕಿದರು.

"ಕೆಲಸದಿಂದಾನೇ ತೆಗೀತಾರೆ ಅಂದ್ಕೊಂಡಿದ್ದೆ," ಅಂದಳು ಅತ್ತೆ.

"ಹೊರಗೆ ಹಾಕಿದ್ರೆ ನಾನು ಹೊರಗಿನವಳಾಗ್ತೀನಲ್ಲ ಅತ್ತೆ. ಆಗ ನಾನು ಬರೆದಿದ್ದು ಲೆಕ್ಕಕ್ಕೆ ಬರುತ್ತೆ ಅಂತ ಭಯ ಬಿದ್ದಿರಬೇಕು."

"ಬರಲ್ಲ ಕಣೇ, ಅದಕ್ಕೂ ಬೇರೆ ನಿಯಮ..."

"ಗೊತ್ತು. ಅವರಿಗೆ ಗೊತ್ತಿಲ್ವಲ್ಲ."

ಇಬ್ಬರೂ ನಕ್ಕರು. ಮತ್ತೆ ಎರಡನೇ ಮಹಡಿಗೆ ಹೋಗುವ ಮೊದಲ ದಿನ ಅತ್ತೆ ಗೇಟಿನವರೆಗೂ ಜೊತೆಗೆ ನಡೆದಳು. ಸೊಸೆ ಬೇಡವೆನ್ನಲಿಲ್ಲ. ಒಳಗೆ ಹೋಗುವ ಹೆಂಗಸರು ಇವಳನ್ನು ಕಂಡು ನಡಿಗೆ ನಿಧಾನ ಮಾಡಿದರು. ಒಬ್ಬಳು ಕೈ ಹಿಡಿದುಕೊಂಡಳು. ಗೇಟು ಮುಚ್ಚಿದ ಮೇಲೂ ಅತ್ತೆ ಅಲ್ಲೇ ನಿಂತು ಮೇಲಿನ ಕಿಟಕಿಗಳನ್ನು ನೋಡಿದಳು. ಎಲ್ಲವೂ ಮುಚ್ಚಿದ್ದವು. ಮನೆಗೆ ಬಂದು ದಿನವಿಡೀ ಟ್ಯಾಬು ಮುಟ್ಟಲಿಲ್ಲ.

ಸಂಜೆ ಸೊಸೆ ಬಂದಳು. ತಲೆ, ಹುಬ್ಬು, ರವಿಕೆಯ ತೋಳು, ಎಲ್ಲ ಕಡೆ ಬಿಳಿ ನಾರು. ಅತ್ತೆ ಅವಳನ್ನು ಬಾಗಿಲಲ್ಲೇ ಕೂರಿಸಿ ಕೂದಲೊಳಗಿಂದ ಒಂದೊಂದೇ ಎಳೆ ಬಿಡಿಸತೊಡಗಿದಳು.

"ಮಧ್ಯಾಹ್ನ ಎಲ್ಲಾ ಕೂತು ಚರ್ಚೆ ಓದಿದ್ವಿ," ಅಂದಳು ಸೊಸೆ. "ನಾನು ಗಟ್ಟಿಯಾಗಿ ಓದಿದೆ. ಕೊನೆಯ ಸೀಟು ಯಾರೇ ಅಂತ ಕೇಳಿದ್ರು. ನಮ್ಮತ್ತೆ ಅಂದೆ. ಒಬ್ಬರೂ ನಂಬಲಿಲ್ಲ. ಆಮೇಲೆ ಕಿಟಕಿ ತೆಗೆದ್ವಿ."

ಅತ್ತೆಯ ಬೆರಳು ನಿಂತಿತು. "ಯಾರು?"

"ಎಲ್ಲರೂ. ಸೂಪರ್‌ವೈಸರ್ ಓಡಿ ಬಂದ, ನಾರು ಹಾರುತ್ತೆ ಅಂತ ಕೂಗಾಡಿದ. ಹಾರ್ಲಿ ಬಿಡಪ್ಪಾ, ಅದೂ ಒಂದು ದಿನ ಊರು ನೋಡ್ಲಿ ಅಂದ್ಲು ಒಬ್ಬಳು."

"ನಾಳೆ ಮುಚ್ಚಿಸ್ತಾರೆ."

"ಮುಚ್ಚಿಸ್ತಾರೆ."

"ಆಮೇಲೆ?"

"ಮತ್ತೆ ತೆಗೀತೀವಿ." ಸೊಸೆ ಕೆಮ್ಮಿದಳು. ಈ ಸಲ ಸೆರಗಿಗೆ ಕೈ ಹೋಗಲಿಲ್ಲ. ಬಾಯಿ ತುಂಬ ಕೆಮ್ಮಿದಳು. ಅತ್ತೆ ಅವಳ ಬೆನ್ನ ಮೇಲೆ ಅಂಗೈ ಒತ್ತಿ ಹಿಡಿದು, ಕೆಮ್ಮು ಇಳಿಯುವವರೆಗೂ ತೆಗೆಯಲಿಲ್ಲ.