ದೇವಪುತ್ರಪ್ಪನ ಹಾಳೆ

ನಾನು ಒಂದು ಕನ್ನಡ ಟೈಪ್‌ರೈಟರ್. ಕಬ್ಬಿಣದ ಮೈ, ಕಪ್ಪು ಬಣ್ಣ. ಕಾರ್ಖಾನೆಯಲ್ಲಿ ನನಗೆ ಅಕ್ಷರ ಜೋಡಿಸಿದರೇ ಹೊರತು, ಯಾವ ಮಾತು ಯಾರಿಗೆ ತಾಗುತ್ತದೆಂದು ಕಲಿಸಲಿಲ್ಲ. ಮೊದಲ ಹದಿನೆಂಟು ವರ್ಷ ಒಂದು ಕಚೇರಿಯಲ್ಲಿದ್ದೆ. ಅಲ್ಲಿನ ಗುಮಾಸ್ತರು ಊಟದ ಡಬ್ಬಿ ಬಿಚ್ಚುವ ಆತುರದಲ್ಲಿ ಹಾಳೆಯ ಮೇಲೆ ಹಾಳೆ ಹೊಡೆಯುತ್ತಿದ್ದರು. ನಾನೂ ಹೊಡೆಸಿಕೊಳ್ಳುತ್ತಿದ್ದೆ. ಕೊನೆಗೆ ಹರಾಜಿನಲ್ಲಿ ಬೆಟಗೇರಿಯ ಒಂದು ಚರ್ಚಿನವರು ನನ್ನನ್ನು ಕೊಂಡರು.

ಅಲ್ಲಿ ಸಿಕ್ಕವರು ಸುಗುಣಾಬಾಯಿ. ಸಭೆಯ, ಅಂದರೆ ಆ ಚರ್ಚಿಗೆ ಸೇರಿದವರ, ಕಾಗದಪತ್ರವೆಲ್ಲ ಅವರ ಕೈಯಲ್ಲೇ. ಅಬ್ಬಾ, ಎಂಥ ನಿಧಾನ! ಒಂದೊಂದು ಸಾಲಿಗೂ ಮುಂಚೆ ಕಣ್ಣು ಮುಚ್ಚಿ ಪ್ರಾರ್ಥಿಸುವರು, ಆಮೇಲೆ ಬೆರಳು ಇಳಿಸುವರು. ದೇವರ ಮುಂದೆ ಹೇಳಲಾಗದ ಮಾತನ್ನು ಹಾಳೆಗೂ ಹಾಕಬಾರದೆಂಬುದು ಅವರ ಹಟ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು.

ಆ ಸಭೆಯಲ್ಲಿ ಯಾರಾದರೂ ತೀರಿಕೊಂಡರೆ, ಮಣ್ಣು ಮಾಡುವ ಮುಂಚೆ ಅವರ ಜೀವನ ವೃತ್ತಾಂತ ಓದುವ ಪದ್ಧತಿ. ನೇಕಾರ ದೇವಪುತ್ರಪ್ಪ ತೀರಿಕೊಂಡ ದಿನ ಅವರ ಮಗಳು ಮಾರ್ತಾ ಬಂದು ಬಾಗಿಲಲ್ಲಿ ನಿಂತಳು. ಅಪ್ಪನ ಕುಡಿತ ಓಣಿಗೆಲ್ಲ ಗೊತ್ತಿತ್ತು. ವೃತ್ತಾಂತ ಓದುವ ಹಿರಿಯರು ಸತ್ಯವಂತಪ್ಪ. ಹರೆಯದವರಿಗೆ ಪಾಠವಾಗಲಿ, ಕುಡಿದು ಹಾಳಾದವನೆಂದೇ ಬರೆಯಬೇಕೆಂದು ಅವರು ಆಗಲೇ ಹೇಳಿಹೋಗಿದ್ದರು.

"ಸುಳ್ಳು ಬರೀಬ್ಯಾಡ್ರಿ ಅಕ್ಕಾರ, ಮಂದಿ ನಗತಾರ," ಎಂದಳು ಮಾರ್ತಾ. "ಆದ್ರ ನಮ್ಮಪ್ಪನ್ನ ಬರೇ ಕುಡುಕ ಅಂತ ಮಣ್ಣಿಗೆ ಕಳಸಬ್ಯಾಡ್ರಿ."

ಸುಗುಣಾಬಾಯಿ ಅವಳನ್ನು ಕೂರಿಸಿಕೊಂಡು ಅಪ್ಪನ ವಿಷಯ ಕೇಳುತ್ತ ಹೋದರು. ಅಪ್ಪ ಎಷ್ಟು ಸಲ ಕುಡಿತ ಬಿಟ್ಟನೆಂದು ಮಾರ್ತಾ ಬೆರಳು ಮಡಚಿ ಎಣಿಸಿದಳು. ನಾಲ್ಕು ಹಾಳೆ ಹರಿದು ಬುಟ್ಟಿಗೆ ಹೋದವು. ಐದನೆಯದರಲ್ಲಿ ನನ್ನಿಂದ ಈ ಮಾತು ಹೊರಟಿತು: "ಇವರು ಹನ್ನೊಂದು ಸಲ ಕುಡಿತ ಬಿಟ್ಟರು. ಪ್ರತಿ ಸಲ ಸೋತ ಮೇಲೂ ಭಾನುವಾರ ಬಂದು, ಕಡೆಯ ಬೆಂಚಿನಲ್ಲಿ ಕುಳಿತು, ದೇವರ ಕ್ಷಮೆ ಬೇಡಿದರು."

ಅದರಲ್ಲಿ ಸುಳ್ಳಿರಲಿಲ್ಲ, ಚುಚ್ಚುವ ಮಾತೂ ಇರಲಿಲ್ಲ. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಸುಗುಣಾಬಾಯಿಯ ಮೇಲೆ ಗೌರವ ಹುಟ್ಟಿತು.

ಗೋಡೆಯಾಚೆ ಸತ್ಯವಂತಪ್ಪನವರು ಓದುವುದು ಕೇಳಿಸಿತು. ಆ ಮಾತನ್ನು ಒಮ್ಮೆ ಓದಿದರು. ಅದನ್ನೇ ಮತ್ತೊಮ್ಮೆ, ನಿಧಾನವಾಗಿ ಓದಿದರು. ಕಿಟಕಿಯಿಂದ ನೋಡಿದೆ, ಅಪ್ಪನ ಶವಪೆಟ್ಟಿಗೆಯ ಹಿಂದೆ ಮಾರ್ತಾ ಅಳುತ್ತಲೇ ತಲೆ ಎತ್ತಿಕೊಂಡು ನಡೆದಳು.

ಈಗ ಸಭೆಗೆ ಕಂಪ್ಯೂಟರ್ ಬಂದಿದೆ. ನಾನು ಕಪಾಟಿನ ಕೆಳಗಿನ ಖಾನೆಯಲ್ಲಿದ್ದೇನೆ, ಅರ್ಧ ಅಕ್ಷರಗಳು ಸವೆದಿವೆ. ಸುಗುಣಾಬಾಯಿಯ ಕೈಗೆ ಬಿದ್ದದ್ದು ನನ್ನ ಭಾಗ್ಯ ಎಂದುಕೊಳ್ಳುತ್ತೇನೆ. ಹೋದ ವಾರ ಸತ್ಯವಂತಪ್ಪನವರು ಕೋಲೂರಿಕೊಂಡು ಬಂದರು. ಸುಗುಣಾಬಾಯಿಯ ಎದುರು ಕೂತಿದ್ದು, ಏಳುವಾಗ ಹೇಳಿದರು:

"ಸುಗುಣವ್ವ, ನಾ ಹ್ವಾದ ಮ್ಯಾಲ ನಂದೂ ನೀನ ಬರೀಬೇಕವಾ."